ನಮ್ ಸೊಸೆ ಕಾರ್ಗ ಗಾಳಿ ಕಟ್ಟಿದ್ದು

ತಾಳವಾಡಿ ತಾವ ಪಣಕಹಳ್ಳೀಲಿ ಬಸ್ ಇಳ್ದು ಯಾರ್ನಾದ್ರೂ ಕೇಳಿ, ಕಾರ್ ಬಿಚ್ಚಿ ಕೂಡ್ಸೋ ಎಂಗ್ಸು ಯಾವ ಮನೇಲಿ ಅವಳ ಅಂತ. ನೆಟ್ಗ ನಮ್ಮಟ್ಟಿ ಬಾಗ್ಲಿಗೇ ತಂದ್ ಬುಡ್ತಾರ. ಅವ್ಳು ಪವಿತ್ರ, ನಮ್ ಸೊಸೆ. ನಾನು ಶಕುಂತಲಮ್ಮ, ಅವ್ಳ ಅತ್ತೆ. ಅತ್ತೆ ಬಾಯಲ್ಲಿ ಸೊಸೆ ಒಗಳಿಕೆ ಬತ್ತಾ ಅದ, ಇದ್ರಲ್ಲೇನೋ ಮರ್ಮ ಅದ ಅಂದ್ಕಬ್ಯಾಡಿ. ಬಯ್ಯೋದೂ ಬೇಕಾದಷ್ಟದ, ಅದ್ನೂ ಏಳ್ತೀನಿ. ಮೊಕ ಒರಸೋ ಟವಲ್ಲೆಲ್ಲ ಗ್ರೀಸು ಮಾಡ್ತಾಳ. ಮುದ್ದೆ ಕಟ್ಟುದ್ರ ಗಂಟು ಗಂಟು. ಒಂದು ಮಾತಂದ್ರ ಎಲ್ಡು ಮಾತು ವಾಪಸ್ ಬತ್ತದ. ಇಷ್ಟಿದ್ರೂ ನಮ್ ಮನೇಲಿ ತಲೆ ಎತ್ಕಂಡು ನಡ್ಯೋರು ಯಾರು ಅಂದ್ರ ಮೊದ್ಲು ಅವ್ಳು, ಆಮೇಲ್ ನಾನು.

ಗೆಟ್ಟವಾಡಿ ಎಣ್ಣು. ಡಿಪ್ಲೊಮಾ ಓದ್ಕಂಡು ಕೊಯಮತ್ತೂರ್ಲಿ ರೇಸ್ ಕಾರ್ ರೆಡಿ ಮಾಡೋ ಒಂದು ಶೆಡ್ಲಿ ಕೆಲ್ಸಕ್ಕಿದ್ಲು. ನಾವು ಎಣ್ಣು ನೋಡಾಕ್ ಓದಾಗ ಕಾಪಿ ಲೋಟ ಕೊಟ್ಳಲ್ಲ, ಉಗ್ರೆಲ್ಲ ಕರ್ರಗಿದ್ದೋ. ಮದರಂಗಿ ಯಾಕವ್ವ ಇಂಗ್ ಕಪ್ಪಾಗದ ಅಂದೆ. ಮದರಂಗಿ ಅಲ್ಲ, ಗ್ರೀಸು, ಎಷ್ಟ್ ತೊಳುದ್ರೂ ಓಗಲ್ಲ ಅಂದ್ಳು. ಅವ್ರವ್ವ ಮೊಕ ಚಿಕ್ದು ಮಾಡ್ಕಂಡ್ಳು. ನಂಗ ಮಾತ್ರ ಅಲ್ಲೇ ಇಡಿಸ್ಬುಡ್ತು. ನನ್ ಮಗ ರಾಜಶೇಖರ ಮೆತ್ತಗಿರೋನು, ಕೋಸು ಜ್ವಾಳ ಬೆಳ್ಕಂಡು ಒಲ ಆಯ್ತು ತಾನಾಯ್ತು ಅಂತಿರೋನು. ಅಂತವ್ನ್ಗ ಇಂತವ್ಳೇ ಬೇಕಿತ್ತು.

ಟ್ರ್ಯಾಕ್ಟ್ರು ಬಂದ್ಮೇಲ ಎತ್ತು ಮಾರಿ ನಮ್ ಕೊಟ್ಟಿಗೆ ಖಾಲಿ ಬಿದ್ದಿತ್ತು. ಮದ್ವೆ ಆಗಿ ಬಂದೋಳು ಅದ್ನೇ ಕೇಳುದ್ಲು. ನಮ್ ಯಜಮಾನ್ರು, ಎಸ್ರು ಏಳ್ಬಾರ್ದು, ಊರೋರು ಶಿವಮಲ್ಲಪ್ಪ ಅಂತಾರ, ಸುಮ್ನ ಬಿದ್ದದಲ್ಲ, ಏನಾದ್ರೂ ಆಡ್ಕಳ್ಲಿ ಬುಡು ಅಂದ್ರು. ಅವ್ಳು ಗ್ವಾದ್ಲಿ ಕಿತ್ತು, ನೆಲಕ್ಕ ಸಿಮೆಂಟ್ ಆಕ್ಸಿ, ಇಂಜಿನ್ ಎತ್ತಾಕ ತೊಲೆಗ ಚೈನು ನೇತಾಕುದ್ಲು. ಊರ್ ಬೈಕೆಲ್ಲ, ಕೋಸು ಒರೋ ಪಿಕಪ್ಪೆಲ್ಲ ಅಲ್ಗೇ ಬರಾಕ್ ಸುರುವಾದೋ. ಅಷ್ಟಾದ್ರೂ ಇವ್ರ ಬಾಯಲ್ಲಿ ಅದು ಆಟಾನೇ. ಊಟಕ್ ಕರ್ಯೋದಿದ್ರೂ ಅವ್ಳ ಆಟ ಮುಗೀತಾ ನೋಡು ಅನ್ನೋರು. ಅವ್ಳು ಕೇಳ್ಸಿದ್ರೂ ಕೇಳ್ಸದಿದ್ದಂಗ ಕೈ ತೊಳ್ಕಂಡ್ ಬರೋಳು. ನಂಗ ಮೈ ಉರ್ಯೋದು.

ಓದ್ ಸಲ ರಾಗಿ ತೆನೆ ಕಟ್ಟೋ ಒತ್ನಲ್ಲಿ ಇವ್ರ ತಲೇಗ ಆಲಿನ ಡೈರಿ ಉಚ್ಚು ಅತ್ಕತು. ಸುಗ್ಗಿ ಮುಗೀಲಿ, ಎಲ್ಡು ಸೀಮೆ ಅಸ ತತ್ತೀನಿ, ಕೊಟ್ಟಿಗೆ ಬುಟ್ಕೊಡ್ಲಿ ಅಂತ ನಂಗ ಏಳುದ್ರು, ಅವ್ಳಿಗೆ ಕೇಳ್ಸೋ ಅಂಗ. ಬ್ಯಾರೆ ಜಾಗ ಎಲ್ಲದ? ಇತ್ಲಲ್ಲಿ ಉಲ್ಲಿನ ಮೆದೆ, ಅದ್ರಾಚ್ಗ ಪಕ್ಕದೋರ ಗ್ವಾಡೆ. ತಾಳವಾಡಿ ಪ್ಯಾಟೇಲಿ ಅಂಗ್ಡಿ ಇಡ್ತೀನಿ ಅಂದ್ರ, ಮನೆ ಸೊಸೆ ಬಜಾರ್ಲಿ ಕಾರ್ ಕೆಳ್ಗ ಮಲ್ಗದಾ ಅಂತ ಇವ್ರೇ ಕುಣೀತಾರ. ಕೊಟ್ಟಿಗೆ ಓದ್ರ ಅವ್ಳ ಕೆಲ್ಸಾನೇ ಓಯ್ತು.

ಪವಿತ್ರ ಅಳ್ನಿಲ್ಲ, ಕೂಗಾಡ್ನಿಲ್ಲ. ಮಾವನ್ ಮುಂದ್ಗಡೆ ಬಂದು ನಿಂತ್ಕಂಡ್ಳು.

"ಮಾವ, ಸುಗ್ಗಿ ಮುಗ್ಯಾಗಂಟ ಟೈಮ್ ಕೊಡಿ. ಒಂದು ದೊಡ್ ಕೆಲ್ಸ ಮಾಡಿ ತೋರುಸ್ತೀನಿ. ಅದೂ ನಿಮ್ಗ ಆಟ ಅನ್ಸುದ್ರ, ಅಸ ಬರೋ ದಿನ ನಾನೇ ಕೊಟ್ಟಿಗೆ ತೊಳ್ದು ಕೊಡ್ತೀನಿ."

ಇವ್ರು ಊಂ ಅಂದ್ರು, ಅಷ್ಟೇ.

ದೊಡ್ ಕೆಲ್ಸ ತಾನಾಗೇ ಉಡುಕ್ಕಂಡ್ ಬಂತು. ನಮ್ ಯಜಮಾನ್ರ ಅಕ್ಕನ ಮಗ ಮಹದೇವಪ್ರಸಾದ ಅಂತ, ಗಡಿ ಆಚ್ಗ ಕರ್ನಾಟಕದಲ್ಲಿ, ಚಾಮರಾಜನಗರದ ತಾವ ಚೆಂಡು ಊವ ಬೆಳೀತಾನ. ವಾರವಾರ ಊವ ಪಿಕಪ್ಗ ಏರ್ಸಿ, ತಾನು ಇಂದ್ಗಡೆ ಕಾರ್ಲಿ ಘಾಟ್ ಇಳ್ದು ಸತ್ಯಮಂಗಲದ ಮಾರ್ಕೆಟ್ಗ ಓಗಿ ಬರೋ ಯವಾರ. ಆ ಕಾರು ಕೆಂಪುದು, ತಗ್ಗಾಗಿ ಅಗಲುಕ್ ಇರೋ ಪೆಟ್ರೋಲ್ ಕಾರು. ಎಂಡ್ತಿ ಮಕ್ಳ ಮೊಕಕ್ಕಿಂತ ಅದ್ರ ಮೊಕಾನೇ ಎಚ್ಚು ಒರಸ್ತಾನ. ಒಂದಿನ ಬಂದು ಕೂತ್ಕಂಡು, ತಂಗ್ಯವ್ವ, ಬಣ್ಣಾರಿಯಿಂದ ದಿಂಬಂ ಏರೋವಾಗ ತಿರುವು ತಿರುವಲ್ಲೂ ಸತ್ತೋಯ್ತದ ಕಣ, ಇಂದ್ಗಡೆ ಲಾರಿಯೋನು ಆರ್ನ್ ಒಡ್ದು ಮಾನ ಕಳೀತಾನ, ಇದ್ಕೊಂದು ಸೂಪರ್‌ಚಾರ್ಜರ್ ಆಕ್ಕೊಡು ಅಂದ. ಆರ್‌ಟಿಒ ಆಫೀಸಿನ್ ಪರ್ಮಿಶನ್ ನೀವೇ ತರೋದಾದ್ರ ಆಕ್ತೀನಿ ಅಣ್ಣ ಅಂತ ಅವ್ಳು ಮೊದ್ಲೇ ಏಳುದ್ಲು. ಅಲೆದಾಡ್ಕಂಡು ಅದ್ನೂ ತಂದ.

ಸೂಪರ್‌ಚಾರ್ಜರ್ ಅಂದ್ರ ಏನು ಅಂತ ನಂಗೇನ್ ಗೊತ್ತು. ಬೆಳ್ಳುಳ್ಳಿ ಬಿಡಿಸ್ಕಂಡು ಕೂತಿದ್ದಾಗ ಅವ್ಳೇ ಏಳ್ಕೊಟ್ಳು. ಇಂಜಿನ್ನು ತಾನ್ ಎಳ್ಕಂಡ ಉಸ್ರಿಗೆ ಎಷ್ಟ್ ಬೇಕೋ ಅಷ್ಟೇ ಪೆಟ್ರೋಲ್ ಉರ್ಸೋದು. ಉಸ್ರನ್ನ ಒತ್ತಿ ತುಂಬುದ್ರ ಪೆಟ್ರೋಲೂ ಎಚ್ಚಾಗಿ ಆಕ್ಬೋದು, ಬಲಾನೂ ಎಚ್ಚಾಯ್ತದ. ಅಂಗ್ ಗಾಳಿ ಒತ್ತೋ ಪಂಪೇ ಈ ಸೂಪರ್‌ಚಾರ್ಜರು. ಇಂಜಿನ್ನೇ ಬೆಲ್ಟ್ ಆಕ್ಕಂಡು ಅದ್ನ ತಿರುಗಿಸ್ತದ. ಕಮ್ಮಾರನ್ ತಿದಿ ಅನ್ನು ಅಂದೆ. ಊಂ ಅತ್ತೆ, ತಿದೀನೇ, ಆದ್ರ ಅದ್ರಲ್ಲೂ ಜಾತಿ ಅವ ಅಂದ್ಳು. ಒಂದು ಫ್ಯಾನಿನ್ ತರದ್ದು. ಜೋರಾಗಿ ತಿರುಗುದ್ರ ಬಿರುಗಾಳಿ ಎಬ್ಬುಸ್ತದ, ಮೆಲ್ಲಗ್ ತಿರುಗುದ್ರ ಏನೂ ಇಲ್ಲ. ಇನ್ನೊಂದು ಸ್ಕ್ರೂ ತರದ್ದು. ಎಲ್ಡು ದಪ್ಪ ತಿರುಪು ಒಂದ್ಕೊಂದು ಕಚ್ಕಂಡು ತಿರುಗ್ತವ. ಕಬ್ಬಿನ ಗಾಣ ಇದ್ದಂಗ, ಒಳ್ಗ ಸಿಕ್ಕಂಡುದ್ದು ಆಚ್ಗ ಬರ್ಲೇಬೇಕು, ಎಷ್ಟ್ ಮೆಲ್ಲಗ್ ತಿರುಗುದ್ರೂವೆ. ಮೂರ್ನೇದೂ ಒಂದದ, ಅಳೇ ಕಾಲದ್ದು, ಅದು ಗಾಳೀನ ಬಲೇ ಬಿಸಿ ಮಾಡ್ತದ ಅಂತ ಅದ್ನ ಆಗ್ಲೇ ಬ್ಯಾಡ ಅಂದಿದ್ಲು.

ಪ್ರಸಾದನ್ಗ ಫ್ಯಾನಿಂದೇ ಬೇಕು. ಫೋನ್ಲಿ ವಿಡಿಯೋ ನೋಡಿ ನೋಡಿ ಕೆಟ್ಟೋಗಿದ್ದ. ಅದ್ರಲ್ಲಿ ಅಷ್ಟು ಕುದ್ರೆ ಬಲ ಬತ್ತದ, ಇಷ್ಟು ಕುದ್ರೆ ಬಲ ಬತ್ತದ ಅಂತ ಲೆಕ್ಕ ಏಳೋನು. ಪವಿತ್ರ ಅವ್ನ ಬಾಯಿ ಮುಚ್ಚುಸ್ನಿಲ್ಲ. ಅಣ್ಣ, ಈ ಕಾರು ವಾರ್ದಲ್ಲಿ ಎಲ್ಲೆಲ್ಲಿ ಓಡ್ತದ ಅಂತ ಕೇಳುದ್ಲು ಅಷ್ಟೇ. ಸತ್ಯಮಂಗಲ, ವಾಪಸ್ಸು. ಮೈಸೂರು? ಯಾರಾದ್ರೂ ಮದ್ವೆಗ್ ಕರುದ್ರ. ಅಂಗಾದ್ರ ನಿಮ್ ಕಾರು ಬದ್ಕೋದು ತಿರುವಲ್ಲಿ, ಅಲ್ಲಿ ಇಂಜಿನ್ ಮೆಲ್ಲಗೇ ತಿರುಗೋದು, ಸ್ಕ್ರೂಂದು ಆಕುಸ್ಕಳಿ ಅಂದ್ಳು. ಇವ್ನ್ ಮೊಕ ಬಾಡೋಯ್ತು. ಎಲ್ಡ್ನೂ ತರ್ಸಿ ನೋಡೇ ಬುಡಾನ ಅಂತ ಮಾತಾಯ್ತು. ಕೊಯಮತ್ತೂರಿನ ಸಾಮಾನಿನೋರೊಬ್ರು ಎಲ್ಡ್ನೂ ತಂದು ತೋರ್ಸಿ, ಬ್ಯಾಡ ಅಂದುದ್ನ ವಾಪಸ್ ಒಯ್ತೀನಿ ಅಂತ ಒಪ್ಕಂಡ್ರು.

ಪುಣ್ಯಾತ್ಮ ಬಂದಿದ್ದು ಸ್ವಾಮಾರ.

ನಮ್ ಕಡೆ ಸ್ವಾಮಾರ ಎತ್ತಿನ್ ಎಗಲ್ ಮ್ಯಾಲ ನೊಗ ಇಡಲ್ಲ. ಬಸವಣ್ಣನ್ ದಿನ, ಅವ್ನು ದಣಿವಾರ್ಸ್ಕಬೇಕು. ಎತ್ತು ಮಾರ್ಕಂಡ್ಮೇಲ ಎಷ್ಟೋ ಜನ ಇದ್ನ ಮರ್ತೇಬುಟ್ರು. ಇವ್ರು ಮರೀನಿಲ್ಲ. ಟ್ರ್ಯಾಕ್ಟ್ರಿಗೂ ಸ್ವಾಮಾರ ರಜ, ಮೇವು ಕತ್ರಿಸೋ ಮಿಶನ್ಗೂ ರಜ. ನಮ್ಮಟ್ಟಿ ಅಂಗ್ಳದಲ್ಲಿ ಯಾವ ಇಂಜಿನ್ನೂ ಗುರ್ ಅನ್ನಂಗಿಲ್ಲ. ಕೊಯಮತ್ತೂರಿನೋರ ವ್ಯಾನ್ನ ಊರ್ ಬಾಗ್ಲಲ್ಲೇ ನಿಲ್ಲಿಸ್ಬುಟ್ರು. ಪಾಪ, ಅವ್ರೂ ರಾಜಶೇಖರಾನೂ ಆ ಭಾರದ್ ಸಾಮಾನ ಎಗಲ್ ಮ್ಯಾಲ ಒತ್ಕಂಡ್ ಬಂದ್ರು. ಪವಿತ್ರನ್ ಲೆಕ್ಕ ಏನಿತ್ತು ಅಂದ್ರ, ಮೇವಿನ್ ಮಿಶನ್ ಇಂಜಿನ್ಗ ಬೆಲ್ಟ್ ಕೊಟ್ಟು ಎಲ್ಡು ಪಂಪ್ನೂ ತಿರುಗಿಸಿ ತೋರ್ಸೋದು. ಅದ್ಕ ಕಲ್ ಬಿತ್ತು. ಸಾಯಂಕಾಲ ಕಾಡ್ ಇಲಾಖೆಯೋರು ಘಾಟ್ ಗೇಟ್ ಆಕೋದ್ರೊಳ್ಗ ಆ ಮನ್ಷ ಇಳ್ದು ಓಗ್ಬೇಕು, ಒಂದ್ನ ಬುಟ್ಟು ಒಂದ್ನ ತಕಂಡು. ಮಾವ, ಇಂಜಿನ್ನು ಎತ್ತಲ್ಲ ಅಂತ ಪ್ರಸಾದ ಗೊಣಗ್ದ. ದುಡ್ಯೋದೆಲ್ಲ ಬಸವಣ್ಣನೇ ಕಣ್ಲಾ ಅಂದ್ರು ಇವ್ರು. ಅಲ್ಗ ಮಾತ್ ಮುಗೀತು.

ಪವಿತ್ರ ಓಗಿ ಪಂಪ್ನ ಕೈಲೇ ಒಂದ್ ಸುತ್ತು ತಿರುಗ್ಸಿ ನೋಡುದ್ಲು. ಆಮೇಲ್ ಬಂದು, ಮಾವ, ಕೈಲಿ ತಿರುಗಿಸ್ಬೋದಾ ಅಂದ್ಳು. ಇವ್ರು ಮೀಸೆ ನೀವ್ಕಂಡು ಯೋಚ್ನೆ ಮಾಡುದ್ರು. ಸ್ವಾಮಾರ ನಮ್ಮವ್ವ ರಾಗಿ ಬೀಸ್ತಿದ್ಲಲ್ಲ, ಕೈ ಕೆಲ್ಸಕ್ಕ ಏನೂ ಅಡ್ಡಿ ಇಲ್ಲ ಅಂದ್ರು. ಸರಿ, ಎಲ್ಡು ಪಂಪ್ನೂ ಬೆಂಚಿಗ್ ಬಿಗುದ್ಲು, ಎಲ್ಡಕ್ಕೂ ಇಡ್ಕಂಡು ತಿರುಗ್ಸಾಕ ಒಂದೊಂದು ಕೈಪಿಡಿ ಕೂರ್ಸುದ್ಲು. ಮೊನ್ನೆ ಕಣ ಮಾಡಿದ್ ರಾಗಿ ಜಳ್ಳು ಅಂಗ್ಳದಲ್ಲೇ ಗುಡ್ಡೆ ಬಿದ್ದಿತ್ತು. ಅದ್ನ ಒಂದೊಂದು ಮಂಕ್ರಿ ತಂದು ಪಂಪಿನ್ ಬಾಯ್ ಮುಂದ್ಗಡೆ ಸುರುದ್ಲು.

ಮೊದ್ಲು ಫ್ಯಾನಿಂದು. ಪ್ರಸಾದಾನೇ ಇಡ್ಕಂಡ. ಮೆಲ್ಲಗ್ ತಿರುಗ್ಸಿ ಅಣ್ಣ, ಇದು ದಿಂಬಂ ತಿರುವು ಅಂದ್ಳು. ತಿರುಗ್ಸುದ. ಒಂದು ಜಳ್ಳೂ ಅಲ್ಲಾಡ್ನಿಲ್ಲ. ಇನ್ನೂ ವಸಿ ಜೋರಾಗಿ ಅಂದ್ಳು. ಎಲ್ಲೋ ನಾಕು ಜಳ್ಳು ಎದ್ದು ಕೂತ್ಕಂಡೊ. ಇವ್ನ್ಗ ರೋಷ ಬಂತು, ಪಂಚೆ ಮ್ಯಾಕ್ ಕಟ್ಕಂಡು ಬುಡುದಂಗ ಗರಗರ ಅಂತ ತಿರುಗ್ಸುದ ನೋಡಿ, ಭುಸ್ ಅಂತ ಗಾಳಿ ಬಂದು ಮಂಕ್ರಿ ಜಳ್ಳೆಲ್ಲ ನನ್ ತಲೆ ಮೊಕದ್ ಮ್ಯಾಲ. ನಾಲ್ಕು ಮಾತು ಬೈದೆ, ಅದು ಬೇರೆ ವಿಷ್ಯ. ಈಗ ನೀವು ಮೈಸೂರ್ ರೋಡ್ಲಿದ್ದೀರ ಅಣ್ಣ, ಅಲ್ಲಿ ಇದ್ನ ಮೀರ್ಸೋದಿಲ್ಲ ಅಂತ ಪವಿತ್ರ ನಗ್ತಾ ಏಳುದ್ಲು.

ಸ್ಕ್ರೂಂದಕ್ಕ ಕೈ ಆಕಾಕ ನಮ್ ಯಜಮಾನ್ರೇ ಬಂದ್ರು. ಯಾರೂ ಕರೀನಿಲ್ಲ, ಅವ್ರೇ ಎದ್ ಬಂದ್ರು. ಬೀಸೋ ಕಲ್ಲು ತಿರುಗ್ಸೋ ಅಂಗ ನಿಧಾನಕ್ಕ ಒಂದು ಸುತ್ತು ಸುತ್ತುದ್ರು. ಫುಸ್ ಅಂತ ಗಾಳಿ ಬಂದು ಜಳ್ಳು ಒಂದೇ ಸಮ ಸರ್ಕಂಡ್ ಓಯ್ತು. ಇನ್ನೊಂದು ಸುತ್ತು, ಇನ್ನೊಂದು ಫುಸ್ಸು. ಕೈ ನಿಂತ್ರ ಗಾಳಿ ನಿಂತದ, ಕೈ ಎದ್ರ ಗಾಳಿ ಎದ್ದದ. ಮಂಕ್ರಿ ಖಾಲಿ ಆಗಾಗಂಟ ತಿರುಗ್ಸುದ್ರು ಮಾರಾಯ್ರು. ಕೊಯಮತ್ತೂರಿನೋರು ನ್ಯಾಯಸ್ತ ಮನ್ಷ, ಎಲ್ಡೂ ಒಳ್ಳೆ ಸಾಮಾನೇ, ರೋಡ್ ನೋಡಿ ತಕಳಿ ಅಂತ ತಮಿಳ್ಲಿ ಏಳುದ್ರು. ಪ್ರಸಾದ ಸ್ಕ್ರೂಂದೇ ಇರ್ಲಿ ಅಂದ. ಫ್ಯಾನು ವ್ಯಾನಿಗ್ ವಾಪಸ್ ಓಯ್ತು.

ಆದ್ರ ಅವ್ನು ಒಂದು ಕೊಕ್ಕೆ ಆಕ್ದ. ಕುದ್ರೆ ಲೆಕ್ಕ ಕಮ್ಮಿ ಆಗ್ಬಾರ್ದು, ಪಂಪಿಗ್ ಇರೋದ್ರಲ್ಲೇ ಚಿಕ್ ಪುಲ್ಲಿ ಆಕು ಅಂದ. ಬೆಲ್ಟ್ ಓಡೋ ಆ ಗಾಲಿ ಚಿಕ್ದಾದಷ್ಟೂ ಪಂಪು ಜೋರಾಗಿ ತಿರುಗ್ತದ, ಗಾಳಿ ಅಷ್ಟೂ ಎಚ್ಚು. ಇವ್ರೂ ಊಂ ಆಕು ಆಕು ಅಂದ್ರು. ನಾನೂ ಅಂದೆ. ಕಣದಲ್ಲಿ ಮೊರ ಇಡ್ಕಂಡು ಒಂದು ಗಾಳಿ ಬರ್ಲಪ್ಪ ಸಿವ್ನೆ ಅಂತ ಕಾಯೋ ಜನ ನಾವು. ಗಾಳಿ ಎಚ್ಚಾಯ್ತು ಅಂತ ಯಾರಾದ್ರೂ ಅಂತಾರಾ? ಪವಿತ್ರ ಗೆದ್ದ ಖುಷೀಲಿದ್ಲು, ಅವ್ಳೂ ಒಪ್ಕಂಡ್ಳು. ಅಲ್ಲೇ ಎಡವಿದ್ದು.

ಮಂಗಳ್ವಾರ್ದಿಂದ ಸುರು ಮಾಡಿ ಕೆಲ್ಸ ಮುಗ್ಸುದ್ಲು. ನನ್ ಮಗ ಒಲದಿಂದ ಬಂದೋನು ಕೈ ತೊಳ್ಯೋದಿಲ್ಲ, ಕಾರ್ ಪಕ್ಕ ಟಾರ್ಚ್ ಇಡ್ಕಂಡ್ ನಿಂತ್ಕಳೋನು. ಮೊದಲ್ನೇ ಸಲ ಸುರು ಮಾಡ್ದಾಗ ಕಾರು ಒಂದು ತರ ಸಿಳ್ಳೆ ಆಕ್ತು ನೋಡಿ, ಬೀದಿ ಎಂಗುಸ್ರೆಲ್ಲ ಬಾಗ್ಲಿಗ್ ಬಂದ್ರು. ನಾನು ಸೆರ್ಗು ಸರಿ ಮಾಡ್ಕಂಡು ಇದು ನಮ್ದೇ ಅಂತ ನಿಂತ್ಕಂಡೆ.

ಬಣ್ಣಾರಿ ಅಮ್ಮನ್ಗ ಕಾಯಿ ಒಡ್ಸಿ ಅಲ್ಲಿಂದ ಘಾಟ್ ಏರಾನ ಅಂತ ಓದೋ. ಮುಂದ್ಗಡೆ ಪ್ರಸಾದ, ಪವಿತ್ರ. ಇಂದ್ಗಡೆ ನಾವಿಬ್ರು. ಪೂಜೆ ಆಯ್ತು, ಏರಾಕ್ ಸುರು ಮಾಡುದ್ವಿ. ಮೊದಲ್ನೇ ತಿರುವು, ಎಲ್ಡ್ನೇ ತಿರುವು, ಕಾರು ಎಳ್ದ ಎಳ್ತಕ್ಕ ನನ್ ತುರುಬು ಸೀಟ್ಗ ಅಂಟ್ಕಂಡ್ತು. ಪ್ರಸಾದ ಕಿವಿ ತನ್ಕ ನಗ್ತಿದ್ದ. ಮಧ್ಯಕ್ಕ ಬಂದಾಗ ಕಬ್ಬಿನ್ ಲಾರಿ ಇಂದ್ಗಡೆ ಸಿಕ್ಕಾಕಂಡೊ. ಮಟಮಟ ಮಧ್ಯಾಹ್ನ, ಲಾರಿ ಆಮೆ ಅಂಗ ಓಯ್ತಾ ಅದ. ಸಂದು ಸಿಕ್ಕುದ ತಕ್ಷಣ ಪ್ರಸಾದ ಒತ್ತಿ ತುಳುದ. ಆಗ ಬಂತು ಸದ್ದು. ತಗಡು ಡಬ್ಬೀಲಿ ಕಲ್ ಆಕಿ ಅಲ್ಲಾಡ್ಸುದಂಗ, ಟಿಣಟಿಣಟಿಣ. ಪವಿತ್ರ ಬೆಂಕಿ ಮುಟ್ಟುದೋಳಂಗ ಅವ್ನ ಮಂಡಿ ಮ್ಯಾಲ ಕೈ ಒಡ್ದು, ಕಾಲ್ ತಗೀರಿ ಅಣ್ಣ, ಮೆಲ್ಲಗ್ ಓಗಿ, ಇನ್ನು ತುಳೀಬ್ಯಾಡಿ ಅಂದ್ಳು. ಅಲ್ಲಿಂದ ದಿಂಬಂ ತನ್ಕ ಆ ಲಾರಿ ಬಾಲ ಇಡ್ಕಂಡೇ ಬಂದೊ.

ದಿಂಬಂ ಟೀ ಅಂಗ್ಡಿ ಮುಂದ್ಗಡೆ ನಿಲ್ಸಿ ಪ್ರಸಾದ ಇಳ್ದ. ಟೀ ಬ್ಯಾಡ ಅಂದ. ಫೋನ್ ತಗ್ದು, ಇದ್ನ ಕಿತ್ತಾಕು, ಆ ಫ್ಯಾನಿಂದೇ ತರುಸ್ತೀನಿ ಅಂತ ಕೊಯಮತ್ತೂರ್ಗ ಫೋನ್ ಮಾಡಾಕ್ ಓದ. ನಮ್ ಯಜಮಾನ್ರು ಬೆಂಚ್ ಮ್ಯಾಲ ಕೂತು ಸೊಸೆ ಮೊಕಾನೇ ನೋಡ್ತಿದ್ರು. ಪವಿತ್ರ ಬಾನೆಟ್ ಎತ್ತಿ, ಬಿಸಿ ಗಾಳಿ ಮೊಕಕ್ಕ ಒಡುದ್ರೂ ಬಗ್ಗಿ ನೋಡಿ, ಆಮೇಲ್ ನೆಟ್ಗ ನಿಂತ್ಕಂಡ್ಳು.

"ಅಣ್ಣ, ಪಂಪು ಸರಿಯಾಗೇ ಅದ. ನಾನ್ ಇಂಜಿನ್ಗ ಗಾಳಿ ಎಚ್ಚು ಕೊಟ್ಟೆ. ಎಚ್ಚು ಒತ್ತುದ್ರ ಗಾಳಿ ಕಾಯ್ತದ, ಕಾದ್ ಗಾಳೀಲಿ ಪೆಟ್ರೋಲು ಒತ್ಗ ಮುಂಚೇನೇ ಉರೀತದ. ಆ ಸದ್ದು ಅದೇ. ಇನ್ ವಸಿ ತುಳುದಿದ್ರ ನಿಮ್ ಇಂಜಿನ್ ಒಡ್ದೋಗೋದು. ನೀವ್ ಕೇಳುದ್ರಿ ಅಂತ ನಾನು ಊಂ ಅನ್ಬಾರ್ದಿತ್ತು. ತಪ್ಪು ನಂದು, ಪಂಪಿಂದಲ್ಲ. ಒಂದ್ ವಾರ ಕೊಡಿ."

ಟೀ ಅಂಗ್ಡೀಲಿದ್ದ ಲಾರಿ ಡ್ರೈವರ್‌ಗೋಳೆಲ್ಲ ತಿರುಗಿ ನೋಡುದ್ರು. ತಪ್ಪು ನಂದು ಅನ್ನೋ ಮಾತ್ನ ನಮ್ ಮನೆ ಗಂಡುಸ್ರ ಬಾಯಲ್ಲಿ ನಾನು ಇವತ್ತಿನ್ ತನ್ಕ ಕೇಳಿಲ್ಲ. ಇವ್ಳು ಬೀದೀಲಿ ನಿಂತು ಅಂದ್ಳು. ಪ್ರಸಾದ ಫೋನ್ನ ಜೋಬಿಗ್ ಆಕ್ಕಂಡ. ಒಂದ್ ವಾರ ಅಷ್ಟೇ ಅಂದ.

ಮನ್ಗ ಬಂದ್ ಮಾರ್ನೇ ದಿನಾನೇ ಇವ್ರು ಅಸ ನೋಡಾಕ್ ಓದ್ರು. ಸಾಯಂಕಾಲ ಬಂದು, ಎಲ್ಡು ಗೊತ್ ಮಾಡ್ದೆ, ಮುಂದಿನ್ ಶುಕ್ರವಾರ ಒಡ್ಕಂಡ್ ಬತ್ತಾರ ಅಂದ್ರು. ವಸಿ ತಡೀರಿ ಅಂದ್ರ, ಸುಗ್ಗಿ ಮುಗೀತಲ್ಲ, ಅವ್ಳು ಕೇಳಿದ್ದೇ ಅಷ್ಟು ಟೈಮು ಅಂದ್ರು. ಅಂದುದ್ದು ಸರೀನೇ, ಅದ್ಕೇ ಇನ್ನೂ ಕ್ವಾಪ ಬಂತು ನಂಗ. ಅವತ್ತು ಸಾರಿಗ್ ಉಪ್ ಆಕ್ನಿಲ್ಲ. ಸುಮ್ನ ಉಂಡ್ರು.

ಪವಿತ್ರ ಅಸದ್ ಸುದ್ದಿ ಕೇಳಿ ಒಂದ್ ಗಳ್ಗೆ ಸ್ಪ್ಯಾನರ್ ಕೆಳ್ಗಿಟ್ಳು, ಮತ್ತ ಎತ್ಕಂಡ್ಳು. ಚಾಮರಾಜನಗರದ ಲೇತ್ ಅಂಗ್ಡೀಗ ಓಗಿ ದೊಡ್ ಪುಲ್ಲಿ ಕಡಿಸ್ಕಂಡ್ ಬಂದ್ಳು. ಪುಲ್ಲಿ ದೊಡ್ದಾದ್ರ ಪಂಪು ನಿಧಾನ, ಗಾಳಿ ಇತಮಿತ. ಒತ್ತುದ್ ಗಾಳಿ ಇಂಜಿನ್ಗ ಓಗೋಕ್ ಮುಂಚೆ ತಣ್ಣಗಾಗ್ಲಿ ಅಂತ ದಾರೀಲಿ ಒಂದು ಚಿಕ್ ರೇಡಿಯೇಟರ್ ಕೂರ್ಸುದ್ಲು. ಲಾರಿ ಇಂದ್ಗಡೆ ಮೆಲ್ಲಗ್ ಓಗೋವಾಗ ಎದುರ್ ಗಾಳಿ ಎಲ್ಲಿಂದ ಬತ್ತದ, ಅದ್ಕ ಆ ರೇಡಿಯೇಟರ್ಗ ಅದ್ರದೇ ಒಂದು ಕರೆಂಟ್ ಫ್ಯಾನು. ಕುದ್ರೆ ಎಷ್ಟ್ ಕಮ್ಮಿ ಆಯ್ತದ ಅಂತ ಪ್ರಸಾದ ಫೋನ್ ಮಾಡಿ ಕೇಳ್ದ. ಆಯ್ತದ ಅಣ್ಣ, ಒಳ್ಳೇ ಪಾಲೇ ಕಮ್ಮಿ ಆಯ್ತದ ಅಂದ್ಳು. ವಸಿ ಸುಳ್ ಏಳ್ಬಾರ್ದಾ ಅಂತ ನಾನಂದೆ. ಘಾಟು ಸುಳ್ ಕೇಳಲ್ಲ ಅತ್ತೆ ಅಂದ್ಳು.

ಗುರ್ವಾರ ಮತ್ತ ಓದೋ, ಅದೇ ನಾಲ್ಕು ಜನ. ಬಣ್ಣಾರೀಲಿ ಪವಿತ್ರ ಇಳ್ದು ರೋಡ್ ಪಕ್ಕ ನಿಂತು ಕಾದ್ಲು. ಲಾರಿ ಬರ್ಲಿ ಅಂತ. ತುಂಬಿದ್ ಲಾರಿ ಒಂದು ಬಂದು ಏರಾಕ್ ಸುರು ಮಾಡ್ದಾಗ, ಈಗ ಅದ್ರ ಇಂದ್ಗಡೇನೇ ನಡೀರಿ ಅಣ್ಣ ಅಂದ್ಳು. ಬಿಸ್ಲು ಅವತ್ತಿನ್ ಅಂಗೇ. ಒಂದು ಕಡ್ದಾದ್ ತಿರುವಲ್ಲಿ ಮ್ಯಾಲಿಂದ ಬಸ್ ಬಂದು ಲಾರಿ ನಿಂತೇಬುಡ್ತು. ನಾವೂ ನಿಂತೊ, ಮೂತಿ ಆಕಾಸುಕ್ಕ ಮಾಡ್ಕಂಡು. ಬಸ್ ಓಯ್ತು. ಲಾರಿ ಗೋಳಾಡ್ಕಂಡು ಎದ್ದು, ಮುಂದಿನ್ ಅಗಲ ಜಾಗದಲ್ಲಿ ಪಕ್ಕಕ್ ಸರ್ದು ಕೈ ತೋರುಸ್ತು. ಪ್ರಸಾದ ತುಳುದ. ಕಾರು ಎಲ್ಲೂ ಜಗ್ಗದಂಗ, ಎಳ್ದುದ್ದೇ ಗೊತ್ತಾಗದಂಗ ಏರ್ತು. ಪವಿತ್ರ ಕಣ್ ಮುಚ್ಕಂಡು ಕಿವಿ ಕೊಟ್ಟಿದ್ಲು. ನಾನೂ ಕಿವಿ ಕೊಟ್ಟಿದ್ದೆ. ಒಂದು ಟಿಣ್ಣೂ ಇಲ್ಲ. ಅಲ್ಲಿಂದ ಮ್ಯಾಲ್ಗಂಟ, ತಿರುವಾದ್ ಮ್ಯಾಲ ತಿರುವು, ಒಂದರಲ್ಲೂ ಸಾಯ್ನಿಲ್ಲ ಆ ಕಾರು.

ದಿಂಬಂಲಿ ಪ್ರಸಾದ ಎಲ್ರಿಗೂ ಟೀ ಏಳ್ದ, ಬಜ್ಜಿ ಏಳ್ದ. ಇಂಜಿನ್ ಮ್ಯಾಲ ಕೈ ಇಟ್ಟು ನೋಡ್ದ. ಆದ್ರೂ ಅವ್ನ ಮನ್ಸಲ್ಲಿ ಒಂದು ಕೊರಗು ಇದ್ದೇ ಇತ್ತು.

"ತಂಗ್ಯವ್ವ, ಎಷ್ಟು ಕುದ್ರೆ ಅಂತ ಕೇಳೋರ್ಗ ನಾನೇನ್ ಏಳ್ಲಿ?"

"ಬಣ್ಣಾರಿಗ್ ಬಂದು ಕೂತ್ಕಳಿ ಅಂತ ಏಳಿ ಅಣ್ಣ."

ಅವ್ನು ನಕ್ಕ ರಭಸಕ್ಕ ಟೀ ಮೂಗಿಗ್ ಅತ್ತುಸ್ಕಂಡ. ಕೀ ತಗ್ದು ಪವಿತ್ರನ್ ಕೈಗ್ ಕೊಟ್ಟು, ತಾಳವಾಡಿ ತನ್ಕ ನೀನೇ ಓಡ್ಸು ಅಂದ. ನಾನು ನಮ್ ಯಜಮಾನ್ರ ಮೊಕ ನೋಡ್ದೆ, ಈಗ್ಲಾದ್ರೂ ಏನಾದ್ರೂ ಅಂತಾರಾ ಅಂತ. ಘಾಟ್ ಏರುದ್ರ ಯಾವಾಗ್ಲೂ ತಲೆ ಸುತ್ತೋ ಮನ್ಷ, ಟೀ ಮುಗ್ಸಿ ಲೋಟ ಇಟ್ಟು, ಇವತ್ತು ತಲೆ ಸುತ್ನಿಲ್ಲ ಅಂದ್ರು. ಅಷ್ಟೇ ಕಣ್ರಪ್ಪ. ಸಂದಾಗ್ ಮಾಡ್ದೆ ಕಣವ್ವ ಅನ್ನಾಕ ಬಾಯಿ ಬಿದ್ದೋಗಿತ್ತಾ? ಪವಿತ್ರನ್ ಮೊಕ ಇಳ್ದೋಯ್ತು. ಕಾರ್ ಮಾತ್ರ ದಾರಿ ಉದ್ದಕ್ಕೂ ಸಂದಾಗೇ ಓಡ್ಸುದ್ಲು.

ಶುಕ್ರವಾರ ಬೆಳ್ಗೆ ನಾನ್ ಏಳೋ ಒತ್ಗ ಅವ್ಳು ಕೊಟ್ಟಿಗೆ ಖಾಲಿ ಮಾಡ್ತಿದ್ಲು. ಮಾತ್ ಕೊಟ್ಟಿದ್ಲಲ್ಲ. ಸ್ಪ್ಯಾನರೆಲ್ಲ ಗೋಣಿಚೀಲಕ್ಕ ತುಂಬಿ ಅಂಗ್ಳದಲ್ಲಿ ಇಟ್ಟಿದ್ಲು. ಜಾಕು, ಎಣ್ಣೆ ಡಬ್ಬಿ, ಬೆಂಚು ಎಲ್ಲ ಈಚ್ಗ ಬಂದಿದ್ದೊ. ತೊಲೆ ಮ್ಯಾಲಿನ್ ಚೈನು ಇಳಿಸಾಕ ರಾಜಶೇಖರ ಏಣಿ ಅತ್ತಿದ್ದ, ಇಳಿಸ್ದೆ ಸುಮ್ನ ಮ್ಯಾಲೇ ನಿಂತಿದ್ದ. ಅವ್ಳು ಬಕೀಟಲ್ಲಿ ನೀರ್ ಸುರ್ದು ಸಿಮೆಂಟ್ ನೆಲ ಉಜ್ತಾ ಅವಳ, ಕಣ್ಣೀರು ಬೇರೆ ನೀರು ಬೇರೆ ಅಂತ ಗೊತ್ತಾಗದಂಗ. ಅವ್ಳು ಅತ್ತುದ್ನ ನಾನ್ ನೋಡಿದ್ದು ಅವತ್ತೊಂದೇ ದಿನ. ನಂಗ ತಡ್ಕಳಾಕ್ ಆಗ್ನಿಲ್ಲ. ಪೊರಕೆ ಕಿತ್ಕಂಡೆ. ಈ ಮನೇಲಿ ನಾನು ಸೊಸೆ ಆಗಿ ಬಂದಾಗ್ಲಿಂದ ಒಂದು ಮಾತಿಗೂ ಎದುರ್ ಆಡಿಲ್ಲ, ಇವತ್ತು ಆಡೇ ತೀರ್ತೀನಿ ಅಂತ ಬಾಗ್ಲಲ್ಲಿ ನಿಂತ್ಕಂಡೆ.

ಆಗ್ಲೇ ಅಸ ಬಂದೊ. ಕರೀದೊಂದು, ಬಿಳಿ ಮಚ್ಚೇದೊಂದು. ಒಡ್ಕಂಡ್ ಬಂದೋನು ಅಗ್ಗ ನಮ್ ಯಜಮಾನ್ರ ಕೈಗ್ ಕೊಟ್ಟು ಓದ. ಇವ್ರು ಎಲ್ಡ್ನೂ ಇಡ್ಕಂಡು ಬಂದು, ತೊಳ್ದು ಪಳಪಳ ಅಂತಿದ್ದ ಕೊಟ್ಟಿಗೆ ಮುಂದ್ಗಡೆ ಒಂದ್ ಗಳ್ಗೆ ನಿಂತ್ರು. ಪವಿತ್ರ ಸೆರ್ಗಲ್ಲಿ ಮೊಕ ಒರಿಸ್ಕಂಡು ಪಕ್ಕಕ್ ಸರುದ್ಲು, ದಾರಿ ಬುಟ್ಟು. ನಾನ್ ಬಾಯ್ ತಗ್ದೆ.

ತಗ್ದ ಬಾಯಿ ತಗ್ದಂಗೇ ಇತ್ತು. ಇವ್ರು ಕೊಟ್ಟಿಗೆ ದಾಟ್ಕಂಡು ಮುಂದುಕ್ ಓದ್ರು. ಅಂಗ್ಳ ದಾಟ್ಕಂಡು ಮನೆ ಜಗ್ಲಿ ತಾವ ಓದ್ರು. ಆ ಜಗ್ಲಿ ಇವ್ರ ಸಿಂಹಾಸ್ನ ಕಣ್ರಪ್ಪ. ಇವ್ರಪ್ಪ ಕೂತಿದ್ದಿದ್ದು ಅಲ್ಲೇ, ಊರ್ ನ್ಯಾಯ ಏಳೋದು ಅಲ್ಲೇ, ಮಧ್ಯಾಹ್ನ ಮಲ್ಗೋದು ಅಲ್ಲೇ, ಮಕ್ಳು ಚಪ್ಲಿ ಬುಟ್ರೂ ಉಗೀತಿದ್ರು. ತಮ್ ಮಂಚಾನ ತಾವೇ ಎತ್ತಿ ಪಕ್ಕಕ್ ಆಕುದ್ರು. ಒಂದು ಕಂಬಕ್ಕ ಕರೀ ಅಸ ಕಟ್ಟುದ್ರು, ಇನ್ನೊಂದು ಕಂಬಕ್ಕ ಮಚ್ಚೇದು ಕಟ್ಟುದ್ರು. ಆಮೇಲ್ ತಿರುಗಿ ನೋಡ್ದೇನೇ ಕೂಗುದ್ರು.

"ಪವಿತ್ರ, ಆ ಸಾಮಾನೆಲ್ಲ ಯಾಕವ್ವ ಬಯ್ಲಲ್ಲಿ ಆಕಿದ್ದಿಯಾ? ಇಬ್ಬನಿ ಬಿದ್ರ ತುಕ್ ಇಡೀತದ. ಒಳ್ಗ ಇಡು."

ಅವ್ಳು ಅಲ್ಲೇ ಒದ್ದೆ ನೆಲದ್ ಮ್ಯಾಲ ಕುಕ್ಕರ್ಸ್ಕಂಡ್ಳು. ರಾಜಶೇಖರ ಏಣಿಯಿಂದ ಇಳ್ದು ಗೋಣಿಚೀಲ ಎಗಲ್ ಮ್ಯಾಲ ಆಕ್ಕಂಡ. ನಾನು ಇವ್ರ ತಾವ ಓಗಿ, ಇನ್ ಮ್ಯಾಲ ಮಲ್ಗೋದೆಲ್ಲಿ ಸ್ವಾಮಿ ಅಂತ ಕೇಳ್ದೆ. ಒಳ್ಗ ಮಲುಕ್ತೀನಿ, ನಿಂಗೇನು ಅಂದ್ರು. ಅವತ್ತಿಂದ ನಮ್ಮಟ್ಟಿ ಬಾಗ್ಲಲ್ಲಿ ಸಗಣಿ, ಗಂಜ್ಲ, ನೊಣ, ಬೆಳ್ಗೆ ಎದ್ರ ಜಗ್ಲಿ ತೊಳ್ಯೋದೇ ನಂಗ್ ಕೆಲ್ಸ. ಬೈಕಂಡೇ ತೊಳೀತೀನಿ. ಬೈದ್ರೂ ಒಳ್ಗೊಳ್ಗ ಖುಷೀನೇ, ಅದ್ನೇನ್ ಮುಚ್ಚಿಡೋದು. ಮೊನ್ನೆ ನ್ಯಾಯಕ್ ಬಂದ ಊರ್ ಇರೀಕ್ರು ಕೂರಾಕ್ ಜಾಗ ಇಲ್ದೆ ನಿಂತ್ಕಂಡು, ಏನ್ ಶಿವಮಲ್ಲಪ್ಪ, ಅಂತಾ ಕೊಟ್ಟಿಗೆ ಇಟ್ಕಂಡು ಮನೆ ಮುಂದ್ಗಡೆ ಅಸ ಕಟ್ಟಿದ್ದೀಯಲ್ಲ ಅಂತ ಕೇಳುದ್ರು.

"ಕೊಟ್ಟಿಗೆ ಪವಿತ್ರಂದು," ಅಂದ್ರು ಇವ್ರು.